ಹಸಿರು ದೀಪದ ಸುಳ್ಳು

ಶವಪೆಟ್ಟಿಗೆಯ ಗಾಜಿನ ಮೇಲೆ ಹಳದಿ ಕೋಳಿಮರಿಯೊಂದು ನಿಂತು ಅಕ್ಕಿಕಾಳು ಕುಕ್ಕುತ್ತಿತ್ತು. ಟಕ್. ಟಕ್. ಟಕ್.

ಗಾಜಿನ ಕೆಳಗೆ ಲೋಲಾ ಕೊನ್ಸಿಂಗ್ ಕಣ್ಣು ಮುಚ್ಚಿ ಮಲಗಿದ್ದರು. ಕೇರಿಗೆಲ್ಲ ಅಜ್ಜಿಯಾಗಿದ್ದ ಮುದುಕಿಯ ಮೂಗಿನ ನೇರಕ್ಕೇ ಮರಿ ಕುಕ್ಕುತ್ತಿದ್ದುದನ್ನು ನೋಡಲಾಗದೆ ಹೆಂಗಸರು ಮುಖ ತಿರುಗಿಸಿಕೊಂಡರು.

"ಯಾವ ಮನೆಹಾಳರು ಇದನ್ನ ತಂದಿಟ್ಟಿದ್ದು?" ತಿಯಾ ಮಾಮೆಂಗ್ ಕಿರುಚಿದರು. ಅವರು ಸತ್ತವರ ತಂಗಿ, ಕೇರಿಗೆಲ್ಲ ತಿಯಾ, ಅಂದರೆ ಚಿಕ್ಕಮ್ಮ. ಎಪ್ಪತ್ತರ ಆಸುಪಾಸಿನ ಒಣಕಲು ಮೈ, ಕೈಯಲ್ಲಿ ಸದಾ ಜಪಮಾಲೆ. "ಕೊಂದವಳು ಠಾಣೆಯಲ್ಲಿ ಕೂತಿದಾಳೆ! ಇಲ್ಲಿ ಇನ್ಯಾರ ಎದೆ ಕುಕ್ಕೋಕೆ ಇದು?"

ಇಸ್ಪೀಟು ಆಡುತ್ತಿದ್ದ ಗಂಡಸರ ಕೈ ಅಲ್ಲೇ ನಿಂತಿತು. ಈ ಇಲೋಯಿಲೋ ಊರಿನಲ್ಲಿ ಹುಟ್ಟಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಲೆಯಾದವರ ಪೆಟ್ಟಿಗೆಯ ಮೇಲೆ ಮಾತ್ರ ಮರಿ ಬಿಡುತ್ತಾರೆ. ಅದು ಇಲ್ಲಿ ಕುಕ್ಕಿದಷ್ಟು ಹೊತ್ತೂ ಕೊಂದವರ ಎದೆಯಲ್ಲಿ ಕುಕ್ಕಿದ ಹಾಗಾಗುತ್ತದಂತೆ.

ಮೂಲೆಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಪುರಿಂಗ್ ಮರಿಯನ್ನು ನೋಡಲಿಲ್ಲ. ಮರಿಯನ್ನು ನೋಡುವವರ ಮುಖ ನೋಡಿದಳು. ಇಪ್ಪತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಪುರಾವೆಗಳ ಕೋಣೆ ಕಾದವಳು, ಈಗ ನಿವೃತ್ತಿಯಾಗಿ ಮೊಣಕಾಲು ನೋವಿಗೆ ಎಣ್ಣೆ ಹಚ್ಚಿಕೊಂಡು ಕೂರಬೇಕಾದವಳು. ಆದರೆ ಲೋಲಾರ ಆರೈಕೆಗಿದ್ದು ಈಗ ಠಾಣೆಯಲ್ಲಿ ಕೂತಿರುವ ಆರಸೆಲಿ ಅವಳ ಧರ್ಮಮಗಳು. ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಎತ್ತಿಕೊಂಡು ನಿಂತಾಗ ಪುರಿಂಗಳ ಹೊಸ ರವಿಕೆ ಒದ್ದೆ ಮಾಡಿದ ಕೂಸು ಅದು.

ಧರ್ಮತಾಯಿಯನ್ನು ನಿನಾಂಗ್ ಎಂದೇ ಕರೆಯುವ ಆರಸೆಲಿ ಬೆಳಿಗ್ಗೆ ಕಂಬಿಯ ಆಚೆಯಿಂದ ಹೇಳಿದ್ದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು.

"ನಿನಾಂಗ್, ನಿಮ್ಮಾಣೆ, ಹಸಿರು ದೀಪಾನೇ ಉರೀತಿತ್ತು. ಕರೆಂಟು ತೆಗೆದಿದ್ರಲ್ಲ, ಗೋಡೆಗೆ ಹಾಕೋ ದೊಡ್ಡ ಮಿಷನ್ನು ನಡೀತಿರಲಿಲ್ಲ. ಲೋಲಾಗೆ ಉಬ್ಬಸ ಜೋರಾಯ್ತು. ಸೆಲ್ಲಿಂದ ನಡೆಯೋ ಚಿಕ್ಕದನ್ನ ಬಾಯಿಗೆ ಹಿಡಿದೆ. ಔಷಧಿ ಹೊಗೆ ಒಂದೆರಡು ಉಸಿರಿಗೆ ಬಂತು ಅಷ್ಟೇ, ಗಕ್ ಅಂತ ನಿಂತೋಯ್ತು. ಡ್ರಾಯರಲ್ಲಿ ನಾನೇ ತಂದಿಟ್ಟ ಹೊಸ ಸೆಲ್ಲಿತ್ತು, ನೋಡಿದ್ರೆ ಇಲ್ಲ. ಇದ್ದವೆರಡನ್ನೂ ಕಿತ್ತು ಬಿಸಾಕಿ ಮೂಲೆ ಅಂಗಡಿಗೆ ಓಡಿದೆ. ತಂದು ಹಾಕೋ ಹೊತ್ತಿಗೆ..."

"ಬಿಸಾಕಿದ್ದು ಎಲ್ಲಿ ಬಿತ್ತು?"

"ಗಾಜಿನ ಬೀರು ಕೆಳಗೆ ಉರುಳಿದ್ದು ನೋಡಿದೆ."

"ಅದನ್ನ ಯಂತ್ರಕ್ಕೆ ಹಾಕಿದ್ದು ಯಾರು?"

ಆರಸೆಲಿ ಗೋಡೆಯ ಕಡೆ ತಿರುಗಿದ್ದಳು. ಎಷ್ಟು ಕೇಳಿದರೂ ಆ ಪ್ರಶ್ನೆಗೆ ಮಾತ್ರ ಬಾಯಿ ಬಿಡಲಿಲ್ಲ. "ನಾನು ಬರೋವರೆಗೂ ಯಾರ ಹತ್ರಾನೂ ಒಂದು ಮಾತೂ ಆಡಬೇಡ" ಎಂದು ಗದರಿಸಿ ಪುರಿಂಗ್ ಅಲ್ಲಿಂದ ಹೊರಟಿದ್ದಳು.

ಇನ್‌ಸ್ಪೆಕ್ಟರು ಅಕ್ಕ ಎನ್ನುವ ಹಾಗೆ ಮನಾಂಗ್ ಎನ್ನುತ್ತಲೇ ಪುರಿಂಗಳ ಮುಖಕ್ಕೇ ನಕ್ಕಿದ್ದ. "ಸೆಲ್ಲು ಮುಗೀತಾ ಬಂದ್ರೆ ಹಳದಿ ದೀಪ ಬರತ್ತೆ ಮನಾಂಗ್, ಆಮೇಲೆ ಕೆಂಪು. ಹಸಿರಿದ್ದಾಗಲೇ ನಿಂತೋಯ್ತು ಅನ್ನೋದು ಕಟ್ಟುಕತೆ. ಮುಂದಿನ ವಾರ ಮುದುಕಿ ಮನೇನ ಇವಳ ಹೆಸರಿಗೆ ಬರೀತಿದ್ರು. ಮನಸ್ಸು ಬದಲಾಯಿಸಿರಬೇಕು, ಆ ಸಿಟ್ಟಿಗೆ ಕೆಲಸ ಮುಗಿಸಿದಾಳೆ. ಬೇಕೂಂತಲೇ ಅಂಗಡಿಗೆ ಹೋಗಿ ತಡ ಮಾಡಿದಾಳೆ."

ಹಸಿರಿದ್ದಾಗಲೇ ನಿಲ್ಲುವ ಸೆಲ್ಲೂ ಇದೆ ಎಂದು ಪುರಿಂಗ್‌ಗೆ ಗೊತ್ತಿತ್ತು. ಆದರೆ ಗೊತ್ತಿದ್ದರೆ ಸಾಲದು, ಆ ಎರಡು ಸೆಲ್ಲುಗಳನ್ನು ಮೇಜಿನ ಮೇಲೆ ಇಡಬೇಕು. ನಾಳೆ ಬೆಳಿಗ್ಗೆ ಲೋಲಾರ ಸಂಸ್ಕಾರ. ಹೆಣ ಮನೆಯಲ್ಲಿರುವಷ್ಟು ದಿನ ಇಲ್ಲಿ ಯಾರೂ ನೆಲ ಗುಡಿಸುವುದಿಲ್ಲ, ಕಸ ಹೊರಗೆ ಹಾಕುವುದಿಲ್ಲ. ಗುಡಿಸಿದರೆ ಮನೆಯ ಇನ್ನೊಂದು ಜೀವವೂ ಕಸದ ಜೊತೆ ಹೋಗುತ್ತದೆ ಎಂಬ ಭಯ. ನಾಳೆ ಪೆಟ್ಟಿಗೆ ಹೊಸಿಲು ದಾಟಿತೋ, ಪೊರಕೆ ಒಳಗೆ ಬಂತು. ಆಮೇಲೆ ಆರಸೆಲಿಯ ಬದುಕೂ ಗುಡಿಸಿಕೊಂಡು ಹೋದ ಹಾಗೆಯೇ.

ಎಲ್ಲರೂ ಮರಿಯ ಗಲಾಟೆಯಲ್ಲಿದ್ದಾಗ ಪುರಿಂಗ್ ಜಪಮಾಲೆ ಬೀಳಿಸಿಕೊಂಡವಳಂತೆ ನಟಿಸಿ ನೆಲಕ್ಕೆ ಬಗ್ಗಿದಳು. ಮೊಣಕಾಲು ಅಯ್ಯೋ ಎಂದಿತು. ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಗಾಜಿನ ಬೀರುವಿನ ಕೆಳಗೆ ಇಣುಕಿದಳು.

ಸೆಲ್ಲು ಇರಲಿಲ್ಲ.

ನಿರಾಸೆಯಿಂದ ಏಳಲು ಹೋದವಳು ಅಲ್ಲೇ ತಡೆದಳು. ಕೋಣೆಯ ತುಂಬ ಕಲ್ಲಂಗಡಿ ಬೀಜದ ಸಿಪ್ಪೆ, ಬಿಸ್ಕೋಚೊ ರೊಟ್ಟಿಯ ಪುಡಿ, ಹೂವಿನ ಎಸಳು. ದಿನಗಟ್ಟಲೆ ಬಂದುಹೋದವರ ಕಾಲಡಿಯ ಕಸ. ಆದರೆ ಬೀರುವಿನ ಕೆಳಗಿನಿಂದ ಹೊರಗಿನವರೆಗೆ ಒಂದು ಪಟ್ಟೆ ಮಾತ್ರ ಚೊಕ್ಕಟವಾಗಿತ್ತು. ತೆಂಗಿನ ಕಡ್ಡಿಯ ಗೀರು ಧೂಳಿನಲ್ಲಿ ಕಾಣುವಷ್ಟು ಚೊಕ್ಕಟ.

ಯಾರೋ ಗುಡಿಸಿದ್ದರು.

ಸಾವಿನ ಮನೆಯಲ್ಲಿ ಪೊರಕೆ ಹಿಡಿಯಬೇಕಾದರೆ, ಹಿಡಿದವರಿಗೆ ಸಾವಿಗಿಂತ ದೊಡ್ಡ ಹೆದರಿಕೆ ಯಾವುದೋ ಇರಬೇಕು.

"ಏನು ಹುಡುಕ್ತಿದೀಯ ಪುರಿಂಗ್?" ತಲೆಯ ಮೇಲೆ ಮಾಮೆಂಗರ ದನಿ.

"ಜಪಮಾಲೆ, ತಿಯಾ."

"ಕುತ್ತಿಗೆಯಲ್ಲೇ ಇದೆಯಲ್ಲ."

"ಅಯ್ಯೋ, ನನ್ನ ಮರೆವಿಗಿಷ್ಟು!" ಎಂದು ಪುರಿಂಗ್ ಹಲ್ಲು ಕಿರಿದಳು. ಮಾಮೆಂಗ್ ನಗಲಿಲ್ಲ. ಅಷ್ಟರಲ್ಲಿ ನೆರೆಮನೆಯವಳೊಬ್ಬಳು ಬಾಲಯೇಸುವಿನ ಪೀಠದ ಮೇಲಿನ ಬಾಡಿದ ಹೂ ತೆಗೆಯಲು ಕೈ ಹಾಕಿದ್ದನ್ನು ಕಂಡು ಅವರು ಅತ್ತ ಧಾವಿಸಿದರು.

"ಮುಟ್ಟಬೇಡ! ಪೀಠದ ಮೇಲಿನ ಒಂದು ಎಸಳನ್ನೂ ನಾನಲ್ಲದೆ ಇನ್ನೊಬ್ಬರು ಮುಟ್ಟೋ ಹಾಗಿಲ್ಲ, ಗೊತ್ತಿಲ್ವ ನಿಂಗೆ?"

ಆ ಹೆಂಗಸು ಕೈ ಹಿಂದೆಗೆದುಕೊಂಡಳು. ಪೀಠದ ಮೇಲೆ ಪುಟ್ಟ ವಿದ್ಯುತ್ ಮೇಣದಬತ್ತಿ ಪ್ರಖರವಾಗಿ ಉರಿಯುತ್ತಿತ್ತು. ಉಬ್ಬಸದ ಮನೆಯಲ್ಲಿ ಹೊಗೆ ಕೂಡದೆಂದು ಲೋಲಾ ನಿಜವಾದ ಬತ್ತಿಯನ್ನು ಎಂದೋ ನಿಲ್ಲಿಸಿದ್ದರು.

ಪುರಿಂಗ್ ಸೊಂಟ ಹಿಡಿದುಕೊಂಡು ಅಡುಗೆಮನೆಗೆ ನಡೆದಳು.

ಅಲ್ಲಿ ನೆಸ್ತೋರ್ ಊಟದ ಡಬ್ಬಿ ತೊಳೆಯುತ್ತಿದ್ದ. ಲೋಲಾರ ಒಬ್ಬನೇ ಮೊಮ್ಮಗ. ಅಪ್ಪ ಅಮ್ಮ ಇಲ್ಲದವನನ್ನು ಅಕ್ಕತಂಗಿಯರಿಬ್ಬರೂ ಸೇರಿ ಸಾಕಿದ್ದರು. ಮದುವೆಗಳ ಫೋಟೋ ತೆಗೆಯುವುದು ಅವನ ಕಸುಬು. ಮನೆ ಆರಸೆಲಿಯ ಪಾಲಾಗಿದ್ದರೆ ಬೀದಿಗೆ ಬೀಳುವವರು ಇಬ್ಬರೇ, ಇವನು ಮತ್ತು ಮಾಮೆಂಗ್.

"ಯಾರ ಊಟ ಅದು, ತೊತೊ?" ಪುರಿಂಗ್ ಮಗುವನ್ನು ಕರೆಯುವ ಹಾಗೆ ಕರೆದು ಕೇಳಿದಳು.

"ಆರಸೆಲಿಗೆ ಕೊಟ್ಟು ಬಂದೆ, ಮನಾಂಗ್. ಠಾಣೆ ಅನ್ನ ತಿಂತಿಲ್ವಂತೆ." ಅವನ ಕಣ್ಣು ಕೆಂಪಗಿತ್ತು. "ಅವಳು ಲೋಲಾನ ನೋಡ್ಕೊಂಡ ಹಾಗೆ ನಾವ್ಯಾರೂ ನೋಡ್ಕೊಳ್ಳಲಿಲ್ಲ."

ಕೇರಿಯೆಲ್ಲ ಉಗಿಯುತ್ತಿರುವ ಹುಡುಗಿಗೆ ಊಟ ಹೊತ್ತುಕೊಂಡು ಹೋಗಲು ಇವನೊಬ್ಬನಾದರೂ ಇದ್ದಾನಲ್ಲ! ಆದರೂ ಕೇಳಬೇಕಾದ್ದನ್ನು ಕೇಳಲೇಬೇಕಿತ್ತು.

"ನಿನ್ನ ಫ್ಲ್ಯಾಷ್‌ಗೆ ಯಾವ ಸೆಲ್ಲು ಹಾಕ್ತೀಯ?"

"ಲಿಥಿಯಂ. ಯಾಕೆ?"

"ಮಾಮೂಲಿದು ಯಾಕಾಗಲ್ಲ?"

"ಭಾರ. ಫ್ಲ್ಯಾಷ್ ಹೊಡೀತಾ ಹೊಡೀತಾ ಸೋತು ಹೋಗತ್ತೆ. ಲಿಥಿಯಂ ಹತ್ತಿ ಹಾಗೆ ಹಗುರ, ಮೊದಲನೇ ಫೋಟೋಗೆ ಎಷ್ಟು ಬೆಳಕೋ ಸಾವಿರದಕ್ಕೂ ಅಷ್ಟೇ."

"ಒಂದು ಮದುವೆ ಆದ್ಮೇಲೆ ಅವನ್ನೇ ಇನ್ನೊಂದಕ್ಕೆ ಹಾಕ್ತೀಯ?"

"ಹುಚ್ಚೇನು ನಂಗೆ! ತೆಗೆದುಬಿಡ್ತೀನಿ. ಅರ್ಧಂಬರ್ಧ ಆಗಿರೋದನ್ನ ನಂಬ್ಕೊಂಡು ಹೋದ್ರೆ, ಸರಿಯಾಗಿ ಉಂಗುರ ಹಾಕೋ ಹೊತ್ತಿಗೆ ಕೈ ಕೊಡತ್ತೆ."

"ಮುಂಚೆ ಸೂಚನೆ ಕೊಡಲ್ವ?"

"ಲಿಥಿಯಂ ಎಲ್ಲಿ ಕೊಡತ್ತೆ ಮನಾಂಗ್! ಮೀಟರು ಪೂರ್ತಿ ತೋರಿಸ್ತಾನೇ ಇರತ್ತೆ, ಕೊನೇ ಉಸಿರಿರೋವರೆಗೂ..."

ನಲ್ಲಿಯ ನೀರು ಡಬ್ಬಿ ತುಂಬಿ ಹೊರಚೆಲ್ಲುತ್ತಿತ್ತು.

"ಹಸಿರು ದೀಪ," ಎಂದಳು ಪುರಿಂಗ್. "ಮಾಮೂಲಿ ಸೆಲ್ಲು ಸೋಲ್ತಾ ಸೋಲ್ತಾ ಹೋಗತ್ತೆ. ಅದಕ್ಕೇ ಯಂತ್ರಕ್ಕೆ ಗೊತ್ತಾಗತ್ತೆ, ಹಳದಿ ತೋರ್ಸತ್ತೆ, ಕೆಂಪು ತೋರ್ಸತ್ತೆ, ಬದಲಾಯಿಸೋಕೆ ಹೊತ್ತು ಕೊಡತ್ತೆ. ಲಿಥಿಯಂ ಹಾಕಿದ್ರೆ ಯಂತ್ರಾನೇ ಮೋಸ ಹೋಗತ್ತೆ. ಲಿಥಿಯಂ ಹಾಕಬೇಡಿ ಅಂತ ಅದರ ಪೆಟ್ಟಿಗೆ ಮೇಲೇ ಬರೆದಿದೆ, ಓದಿದೀನಿ. ತೆಗೆದ ಸೆಲ್ಲೆಲ್ಲ ಎಲ್ಲಿಡ್ತೀಯ?"

ಅವನು ಅಟ್ಟದ ಮೇಲಿನ ಬಿಸ್ಕೋಚೊ ಡಬ್ಬಿಯ ಕಡೆ ನೋಡಿದ.

"ಬಿಸಾಕೋಕೆ ಮನಸ್ಸು ಬರಲ್ಲ, ಮನಾಂಗ್. ದುಬಾರಿ. ಗಡಿಯಾರಕ್ಕೆ, ಟಿ.ವಿ. ರಿಮೋಟಿಗೆ, ಯಾರಿಗೆ ಬೇಕೋ ಅವರು ತಗೊಳ್ಳಲಿ ಅಂತ ಅದರಲ್ಲಿ ಹಾಕ್ತೀನಿ. ಎಲ್ಲರ ಮನೇಲೂ ಹಾಗೇ ಅಲ್ವ?"

"ಗಡಿಯಾರ ನಿಂತ್ರೆ ಹೊತ್ತು ತಪ್ಪತ್ತೆ. ಆ ಯಂತ್ರ ನಿಂತ್ರೆ ಉಸಿರು ತಪ್ಪತ್ತೆ. ತೆಗಿ ಡಬ್ಬೀನ."

ಅವನು ತೆಗೆದ. ಮುಚ್ಚಳ ಬಿಚ್ಚಿದ. ಒಳಗೆ ರೊಟ್ಟಿಯ ಪುಡಿ ಕೂಡ ಇರಲಿಲ್ಲ.

"ತುಂಬಿತ್ತು!" ಅವನು ಡಬ್ಬಿಯನ್ನು ತಲೆಕೆಳಗು ಮಾಡಿದ. "ದೇವರಾಣೆ ತುಂಬಿತ್ತು!"

ಪುರಿಂಗ್ ಒಂದು ಹೆಜ್ಜೆ ಮುಂದಿಟ್ಟಳು. ಅವನ ಬೆನ್ನು ಬಟ್ಟಲು ತೊಳೆಯುವ ಕಟ್ಟೆಗೆ ತಾಗಿತು.

"ಕರೆಂಟು ತೆಗೀತಾರೆ ಅಂತ ಮುಂಚೆನೇ ಸಾರಿದ್ರು. ಆವತ್ತು ದೊಡ್ಡ ಮಿಷನ್ನು ನಡೆಯಲ್ಲ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ಮುಗೀತಾ ಬಂದಿರೋ ಲಿಥಿಯಂ ಸೆಲ್ಲು ಯಾವುದು ಅಂತ ಗೊತ್ತಿದ್ದೋನು ಒಬ್ಬನೇ. ಬೀರು ಕೆಳಗೆ ಗುಡಿಸಿದ್ದು ನೀನೇನಾ, ನೆಸ್ತೋರ್?"

"ಗುಡಿಸಿದ್ದಾ? ಹೆಣ ಮನೇಲಿರೋವಾಗ?" ಅವನು ಶಿಲುಬೆ ಗುರುತು ಹಾಕಿಕೊಂಡ. ಕಣ್ಣಿಂದ ನೀರು ಬಳಬಳನೆ ಸುರಿಯಿತು. "ನಾನು ಕೊಂದಿದ್ರೆ ಆ ಮರಿ ಯಾಕೆ ತರ್ತಿದ್ದೆ ಮನಾಂಗ್? ಮರಿ ಇಟ್ಟಿದ್ದು ನಾನೇ! ಲೋಲಾನ ಯಾರೋ ಕೊಂದಿದಾರೆ, ಅದು ಆರಸೆಲಿ ಅಲ್ಲ ಅಂತ ಬಾಯಿಬಿಟ್ಟು ಹೇಳೋ ಧೈರ್ಯ ಇಲ್ದೆ ಮರಿ ತಂದಿಟ್ಟೆ."

ಬೆಳೆದ ಗಂಡಸು ಮಗುವಿನ ಹಾಗೆ ಬಿಕ್ಕುತ್ತಿದ್ದ. ಪುರಿಂಗಳ ಕೈ ತಾನಾಗಿ ಅವನ ಭುಜಕ್ಕೆ ಹೋಯಿತು. ಇಷ್ಟು ಹೊತ್ತು ಅನುಮಾನಪಟ್ಟದ್ದಕ್ಕೆ ಒಳಗೊಳಗೇ ನಾಚಿಕೆಯಾಯಿತು.

"ಮುಖ ತೊಳ್ಕೋ. ಜಪಕ್ಕೆ ಕರೀತಿದಾರೆ."

ಕೊನೆಯ ದಿನದ ಜಪಕ್ಕೆ ಕೇರಿಯೇ ಬಂದು ಸೇರಿತ್ತು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಒಳಗೆ ಬಿದ್ದಿತ್ತು. ಹೆಂಗಸರ ಕೈಯ ಬೀಸಣಿಗೆಗಳು ಒಂದೇ ಸಮ ಆಡುತ್ತಿದ್ದವು. ಬಾಗಿಲ ಬಳಿ ಠಾಣೆಯ ಪೇದೆಯೊಬ್ಬ ಟೋಪಿ ತೆಗೆದು ನಿಂತಿದ್ದ. ಮಾಮೆಂಗ್ ಪೀಠದ ಮುಂದೆ ಮಂಡಿಯೂರಿ ಗಟ್ಟಿ ದನಿಯಲ್ಲಿ ಹೇಳಿಕೊಡುತ್ತಿದ್ದರು, ಉಳಿದವರು ಗೊಣಗುತ್ತಿದ್ದರು. ಯಾರೂ ಮುಟ್ಟಲು ಧೈರ್ಯ ಮಾಡದ ಆ ಮರಿ ನಡುನಡುವೆ ಟಕ್ ಟಕ್ ಎನ್ನುತ್ತಿತ್ತು.

ಪುರಿಂಗಳ ತುಟಿ ಜಪಿಸುತ್ತಿತ್ತು, ತಲೆ ಓಡುತ್ತಿತ್ತು. ಗುಡಿಸಿ ತೆಗೆದ ಸೆಲ್ಲು ಎಲ್ಲಿ ಹೋಗಿರಬೇಕು? ಕಸ ಹೊರಗೆ ಹಾಕುವಂತಿಲ್ಲ. ಬಾಗಿಲಲ್ಲಿ ಪೇದೆ, ಅಂಗಳದಲ್ಲಿ ಇಡೀ ಕೇರಿಯ ಕಣ್ಣು. ಅಂದರೆ ಸೆಲ್ಲು ಈ ಮನೆಯೊಳಗೇ ಇದೆ. ಹುಡುಕಿದರೂ ಯಾರೂ ಅನುಮಾನಪಡದ ಜಾಗದಲ್ಲಿದೆ.

ಆಗ ಪೀಠದ ಮೇಲಿನ ವಿದ್ಯುತ್ ಮೇಣದಬತ್ತಿ ಆರಿಹೋಯಿತು.

"ಯೇಸುವೇ!" ಯಾರೋ ಚೀರಿದರು. "ಲೋಲಾ ಬಂದ್ರು! ಲೋಲಾ ಆರಿಸಿದ್ರು!"

ಜಪ ಮುರಿದುಬಿತ್ತು. ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಪುರಿಂಗ್ ಮಾತ್ರ ಎದ್ದು ನಿಂತಿದ್ದಳು. ಇಂಥ ಬತ್ತಿಯನ್ನು ಅವಳ ಮನೆಯಲ್ಲೂ ಉರಿಸುತ್ತಾರೆ. ಮಾಮೂಲಿ ಸೆಲ್ಲಾದರೆ ಅದು ದಿನದಿನಕ್ಕೆ ಮಂಕಾಗುತ್ತ, ಕೆಂಪಗಾಗುತ್ತ, ಮಿಣುಕುತ್ತ ಆರುತ್ತದೆ. ಇದು ಮಂಕಾಗಲೇ ಇಲ್ಲ. ಪೂರ್ತಿ ಬೆಳಕಿನಲ್ಲಿದ್ದುದು ಒಮ್ಮೆಗೇ ಹೋಯಿತು.

ಯಂತ್ರಕ್ಕೆ ಸಾಲದಷ್ಟು ಉಳಿದಿದ್ದ ಚೂರುಪಾರು ಶಕ್ತಿ, ಈ ಪುಟ್ಟ ದೀಪಕ್ಕೆ ಇಷ್ಟು ಹೊತ್ತು ಸಾಕಾಗಿತ್ತು.

ಅವಳು ಪೀಠದತ್ತ ನಡೆದಳು.

"ಪುರಿಂಗ್, ಕೈ ಹಚ್ಚಬೇಡ!" ಮಾಮೆಂಗ್ ಅಡ್ಡ ಬಂದರು.

"ಸರೀರಿ, ತಿಯಾ."

"ಪೀಠ ಅದು! ಪಾಪ ಸುತ್ತಿಕೊಳ್ಳತ್ತೆ ನಿಂಗೆ!"

"ಸುತ್ತಿಕೊಳ್ಳಲಿ."

ಬತ್ತಿಯನ್ನು ಎತ್ತಿದ ಕೂಡಲೇ ಅದರ ತೂಕ ಹೇಳಿತು. ಒಳಗೆ ಏನೂ ಇಲ್ಲವೇನೋ ಎನ್ನುವಷ್ಟು ಹಗುರ. ತಳದ ಮುಚ್ಚಳ ತಿರುಗಿಸಿ ಅಂಗೈಗೆ ಬಗ್ಗಿಸಿದಳು. ಎರಡು ಸೆಲ್ಲು ಉರುಳಿ ಬಂದವು. ಎರಡೂ ಲಿಥಿಯಂ. ಎರಡರ ಮೇಲೂ ಬೀರುವಿನ ಕೆಳಗಿನ ಬೂದು ಧೂಳು ಅಂಟಿಕೊಂಡಿತ್ತು.

ಪುರಿಂಗ್‌ಗೆ ಕುಣಿಯಬೇಕೆನಿಸಿತು, ಅಳಬೇಕೆನಿಸಿತು. ನನ್ನ ಕೂಸು ಬದುಕಿತು! ಅವಳು ಪೇದೆಗೆ ಕಾಣುವಂತೆ ಅಂಗೈ ಎತ್ತಿ ಹಿಡಿದಳು.

"ಪೀಠ ಮುಟ್ಟೋರು ನೀವೊಬ್ಬರೇ, ತಿಯಾ. ನೀವೇ ಹೇಳಿದ್ದು. ಇವನ್ನ ಇಲ್ಲಿ ಹಾಕಿದ್ದು ಯಾರು?"

ಮಾಮೆಂಗರ ಮುಖ ಬಿಳಿಚಿತು. ಒಂದು ಗಳಿಗೆ ಅಕ್ಕನ ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ ದನಿ ನಡುಗದ ಹಾಗೆ, ಜಪ ಹೇಳಿಕೊಡುವಷ್ಟೇ ಸ್ಪಷ್ಟವಾಗಿ ಹೇಳಿದರು.

"ನಾನೇ. ಆದ್ರೆ ಕೊಟ್ಟಿದ್ದು ಆರಸೆಲಿ. ಅವಳೇ ಅಳ್ತಾ ಬಂದು, ನೀಲಿ ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟಳು. ಯಾರಿಗೂ ಸಿಗದ ಹಾಗೆ ಇಡಿ ತಿಯಾ, ತಪ್ಪು ಮಾಡಿಬಿಟ್ಟೆ, ಅಂದಳು."

ಜನರ ಗುಂಪಿನಿಂದ ಅಯ್ಯೋ ಎಂಬ ಸದ್ದು ಎದ್ದಿತು. ಬಿಡಿಸಿಕೊಂಡು ಬರುತ್ತವೆ ಎಂದು ನಂಬಿದ್ದ ಸೆಲ್ಲುಗಳೇ ಹುಡುಗಿಯ ಕುತ್ತಿಗೆಗೆ ಸುತ್ತಿಕೊಳ್ಳುತ್ತಿದ್ದವು.

ಸುಳ್ಳು. ಸುಳ್ಳೇ ಇರಬೇಕು. ಕರವಸ್ತ್ರದಲ್ಲಿ ಸುತ್ತಿ ಕೊಟ್ಟಿದ್ದರೆ ಈ ಧೂಳು ಎಲ್ಲಿಂದ ಬಂತು? ಬೀರುವಿನ ಕೆಳಗೆ ಪೊರಕೆ ಯಾಕೆ ಆಡಿತು? ಕೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಪೇದೆಯ ಫೋನು ಬಡಿದುಕೊಂಡಿತು. ಅವನು ಕಿವಿಗಿಟ್ಟು ಹ್ಞಾಂ, ಹ್ಞಾಂ ಎಂದ. ಆಮೇಲೆ ಟೋಪಿಯನ್ನು ಕೈಯಲ್ಲೇ ಹಿಸುಕುತ್ತ ಪುರಿಂಗಳ ಹತ್ತಿರ ಬಂದ.

"ಮನಾಂಗ್, ಠಾಣೆಯಿಂದ. ನಿಮ್ಮ ಹುಡುಗಿ ಒಪ್ಪಿಕೊಂಡುಬಿಟ್ಟಳಂತೆ."

"ಏನಂತ?"

"ಸೆಲ್ಲು ನಾನೇ ಹಾಕಿದ್ದು ಅಂತ. ಆಮೇಲೆ ತೆಗೆದು, ನೀಲಿ ಕರವಸ್ತ್ರದಲ್ಲಿ ಸುತ್ತಿ, ತಿಯಾ ಕೈಗಿಟ್ಟೆ ಅಂತ."

ಪುರಿಂಗಳ ಕಿವಿ ನಿಮಿರಿತು. ಬೆಳಿಗ್ಗೆ ಇದೇ ಹುಡುಗಿ ಸೆಲ್ಲು ಬೀರುವಿನ ಕೆಳಗೆ ಉರುಳಿತು ಎಂದಿದ್ದಳು. ಆಗ ಕರವಸ್ತ್ರ ಇರಲಿಲ್ಲ, ತಿಯಾ ಇರಲಿಲ್ಲ. ಈಗ ಒಬ್ಬಳು ಲಾಕಪ್ಪಿನಲ್ಲಿ, ಒಬ್ಬರು ಪೀಠದ ಮುಂದೆ. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಹೆಂಗಸರ ಬಾಯಲ್ಲಿ ಒಂದೇ ಮಾತು, ಕರವಸ್ತ್ರದ ಬಣ್ಣ ಕೂಡ ಒಂದೇ.

"ನಾನು ಬಂದುಹೋದ ಮೇಲೆ ಅವಳನ್ನ ನೋಡೋಕೆ ಯಾರು ಬಂದಿದ್ರು?" ಎಂದು ಪೇದೆಯನ್ನು ಕೇಳಿದಳು.

"ಯಾರೂ ಇಲ್ಲ, ಮನಾಂಗ್," ಎಂದ ಪೇದೆ. "ಊಟ ತಂದವರೊಬ್ಬರನ್ನ ಬಿಟ್ಟು."

ಒಬ್ಬರು ಸಾಕಿದವನು, ಇನ್ನೊಬ್ಬಳು ಹೆಸರು ಹೇಳಲು ಒಪ್ಪದವನು; ಇಬ್ಬರ ಬಾಯಿಗೂ ಒಂದೇ ಮಾತು ಹೊತ್ತು ತಂದವನು ಅವನೇ. ಪುರಿಂಗ್ ನಿಧಾನವಾಗಿ ತಿರುಗಿದಳು.

ನೆಸ್ತೋರ್ ಪೆಟ್ಟಿಗೆಯ ಪಕ್ಕ ನಿಂತಿದ್ದ. ಅವನ ಕಣ್ಣು ಈಗ ಒಣಗಿತ್ತು. ಗಲಾಟೆಗೆ ಹೆದರಿ ಕೆಳಗೆ ಹಾರಿದ್ದ ಮರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅದರ ತಲೆ ಸವರುತ್ತಿದ್ದ. ಪುರಿಂಗಳ ಕಣ್ಣು ತನ್ನ ಮೇಲೆ ಬಿದ್ದದ್ದನ್ನು ಕಂಡ. ನೋಟ ತಪ್ಪಿಸಲಿಲ್ಲ.

ಮರಿಯನ್ನು ಮೆಲ್ಲಗೆ ಮತ್ತೆ ಗಾಜಿನ ಮೇಲೆ ಬಿಟ್ಟು, ಜೇಬಿನಿಂದ ಒಂದು ಹಿಡಿ ಅಕ್ಕಿ ತೆಗೆದು ಅದರ ಮುಂದೆ ಸುರಿದ.